ಬಲಗಡೆಯ ಪೆಟ್ಟಿಗೆ

ಮಧುಗಿರಿಯಲ್ಲಿ ಹಿಟ್ಟಿನ ಮಿಷನ್ ಇಟ್ಟಿದ್ದ ಮೂಡಲಗಿರಿಯಪ್ಪನಿಗೆ ಬಲಗಿವಿ ಪೂರ್ತಿ ಹೋಗಿತ್ತು. ಹದಿನೈದು ವರ್ಷ ಎಂಜಿನ್ನಿನ ಪಕ್ಕದಲ್ಲೇ ನಿಂತು ಊರಿನ ರಾಗಿಯನ್ನೆಲ್ಲ ಬೀಸಿಕೊಟ್ಟವನಿಗೆ ಎಡಗಿವಿಯಾದರೂ ಉಳಿದದ್ದು ಪುಣ್ಯ ಅನ್ನಬೇಕು. ಒಂಟಿ ಕಿವಿಯವನಿಗೆ ಕೇಳಿಸುವುದೇನೋ ಕೇಳಿಸುತ್ತದೆ, ಯಾವ ಕಡೆಯಿಂದ ಬಂತು ಎನ್ನುವುದು ಮಾತ್ರ ತಿಳಿಯುವುದಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಯಾರಾದರೂ 'ಗಿರಿಯಪ್ಪಣ್ಣಾ' ಎಂದು ಕೂಗಿದರೆ ಅವನು ನಿಂತಲ್ಲೇ ಒಂದು ಸುತ್ತು ತಿರುಗುತ್ತಿದ್ದ. ಅದನ್ನು ನೋಡುವುದಕ್ಕೆಂದೇ ಕೂಗಿ ಕಂಬದ ಹಿಂದೆ ಅವಿತುಕೊಳ್ಳುವ ತರಲೆಗಳು ಆ ಊರಿನಲ್ಲಿ ಕಡಿಮೆ ಇರಲಿಲ್ಲ.

ಇಂಥವನು ಅರವತ್ತೇಳನೇ ಇಸವಿಯ ಬೇಸಿಗೆಯಲ್ಲಿ ಸ್ಟೀರಿಯೋ ಸೆಟ್ಟು ಕೂಡಿಸಲು ಹೊರಟ. ಎಡಗಡೆ ಒಂದು ಸದ್ದು, ಬಲಗಡೆ ಒಂದು ಸದ್ದು ಬರುವ ಸೆಟ್ಟು, ಅದೂ ಒಂಟಿ ಕಿವಿಯವನಿಗೆ! ಹೋಟೆಲಿನಲ್ಲಿ ಕೂತವರು ಕಾಫಿ ನೆತ್ತಿಗೇರುವ ಹಾಗೆ ನಕ್ಕರು. ಅವನ ಬೀದಿಯವರು ಮಾತ್ರ ನಗಲಿಲ್ಲ. ಸೆಟ್ಟು ಯಾರಿಗಾಗಿ ಎಂಬುದು ಅವರಿಗೆ ಗೊತ್ತಿತ್ತು.

ಅವನ ಹೆಂಡತಿ ಅಶ್ವತ್ಥಮ್ಮ ಮಾತು ಬಿಟ್ಟು ಎರಡು ವರ್ಷವಾಗಿತ್ತು. ಎರಡು ವರ್ಷದ ಹಿಂದೆ ಬೆಟ್ಟದ ಬುಡದ ಬಂಡೆಯ ಮೇಲೆ ಸಂಡಿಗೆ ಒಣಗಿಹಾಕಲು ಹೋಗಿದ್ದಳು. ಜೊತೆಗೆ ಆರು ವರ್ಷದ ಮಗ ಗಂಗಾಧರ. ಇವಳು ಬಗ್ಗಿ ಸಂಡಿಗೆ ಇಡುತ್ತಿದ್ದಾಗ ಹುಡುಗ ಕೈಕಾಲು ಊರಿಕೊಂಡು ಮೇಲೆ ಹತ್ತಿದ್ದ. ಇವಳು ತಲೆಯೆತ್ತಿ ನೋಡಿದಳು. 'ಗಂಗಾಧರಾ' ಎಂದು ಕೂಗಿದಳು. ಹುಡುಗ ಕೂಗಿಗೆ ತಿರುಗಿದ, ತಿರುಗಿದವನ ಕಾಲು ಜಾರಿತು. ಅವಳು ಬಾಯಿ ಬಿಟ್ಟು ಆಡಿದ ಕೊನೆಯ ಮಾತು ಅದೇ. ಮಣ್ಣು ಮಾಡಿ ಬಂದ ದಿನವೂ ಅಳಲಿಲ್ಲ. ಕರೆದರೆ ಬರುತ್ತಿದ್ದಳು, ಅಡುಗೆ ಮಾಡುತ್ತಿದ್ದಳು, ಬಡಿಸುತ್ತಿದ್ದಳು, ತುಟಿ ಮಾತ್ರ ಬಿಚ್ಚುತ್ತಿರಲಿಲ್ಲ. ತುಮಕೂರಿನ ಡಾಕ್ಟರು ಗಂಟಲಿಗೆ ಬೆಳಕು ಬಿಟ್ಟು ನೋಡಿ ಎಲ್ಲ ಸರಿಯಾಗಿದೆ ಎಂದಿದ್ದರು.

"ಮನೇಲಿ ಸದ್ದು ಇರಲಿ ಕಣಪ್ಪ. ಮಾತು, ಹಾಡು ಇರಲಿ. ತಾನಾಗೇ ಬರಬೇಕು, ಎಳೆದು ತರೋಕಾಗಲ್ಲ," ಎಂದಿದ್ದರು ಅವರು.

ಸದ್ದು ಎಲ್ಲಿಂದ ತರುವುದು? ಮನೆಯಲ್ಲಿದ್ದವರು ಇಬ್ಬರು, ಒಬ್ಬಳು ಮೂಕಿ, ಒಬ್ಬ ಅರೆಕಿವುಡ. ಅಶ್ವತ್ಥಮ್ಮನ ತಮ್ಮ ರೇಣುಕಯ್ಯ ಬೆಂಗಳೂರಿನಲ್ಲಿ ರೇಡಿಯೋ ಅಂಗಡಿಯ ಕೆಲಸದಲ್ಲಿದ್ದ. ಅಕ್ಕನ ಸ್ಥಿತಿ ನೋಡಿ ಅವನು ಒಂದು ರೆಕಾರ್ಡು ತಿರುಗಿಸುವ ಯಂತ್ರ, ಎರಡು ಸ್ಪೀಕರು, ಒಂದು ಆಂಪ್ಲಿಫೈಯರು, ವೀಣೆ ಕಚೇರಿಯ ಒಂದು ದೊಡ್ಡ ರೆಕಾರ್ಡು ತಂದು ಇಟ್ಟು ಹೋದ. "ಇದು ಸ್ಟೀರಿಯೋ ಭಾವ. ಒಂದೇ ಮುಳ್ಳು, ಎರಡು ಸದ್ದು. ಎರಡಕ್ಕೂ ಬೇರೆ ಬೇರೆ ಆಂಪ್ಲಿಫೈಯರ್ ಬೇಕು. ಒಂದು ಕೊಟ್ಟಿದೀನಿ, ಇನ್ನೊಂದು ಹಳೇದು ಎಲ್ಲಾದ್ರೂ ನೋಡಿ ತಗೊಳ್ಳಿ. ಎರಡೂ ಕೂಡಿದ್ರೆ ವಿದ್ವಾಂಸರು ಮನೆ ನಡುವೇನೇ ಕೂತು ನುಡಿಸಿದಂಗಿರುತ್ತೆ. ಅಕ್ಕನಿಗೆ ಮನೆ ತುಂಬಿದಂಗಾಗುತ್ತೆ," ಎಂದ.

ಒಂದನ್ನೇ ಹಾಕಿ ನೋಡಿದ್ದಾಯಿತು. ಅಶ್ವತ್ಥಮ್ಮ ಅಡುಗೆಮನೆಯ ಬಾಗಿಲಿಗೆ ಬಂದಳು, ನೋಡಿದಳು, ಒಳಗೆ ಹೋದಳು. ಬಂದಳಲ್ಲ, ಅಷ್ಟೇ ಸಾಕಾಯಿತು ಗಿರಿಯಪ್ಪನಿಗೆ. ಎರಡನೆಯದು ಸಿಕ್ಕರೆ ಅವಳು ಬಂದು ಕೂತಾಳು, ಕೂತವಳು ಒಂದು ದಿನ ಬಾಯಿ ಬಿಟ್ಟಾಳು ಎಂದು ಅವನ ಆಸೆ. ಆಸೆಗೇನು, ಮಿಷನ್ನಿಗೆ ಬೀಗ ಹಾಕಿ ಬಸ್ಸು ಹತ್ತಿದ.

ಮೊದಲು ಕೊರಟಗೆರೆ. ಅಲ್ಲಿ ಮೈಕ್ ಸೆಟ್ಟಿನವನೊಬ್ಬನ ಹತ್ತಿರ ಇದ್ದ ಪೆಟ್ಟಿಗೆ ಕನ್ನಡಿಯ ಹಾಗೆ ಹೊಳೆಯುತ್ತಿತ್ತು, ಬೆಲೆ ಕೇಳಿದ ಮೇಲೆ ಅದನ್ನು ಮುಟ್ಟಿ ನೋಡುವ ಧೈರ್ಯವೂ ಇವನಿಗೆ ಉಳಿಯಲಿಲ್ಲ. ಆಮೇಲೆ ಮಿಡಿಗೇಶಿ. ಅಲ್ಲಿಗೆ ಬಂದಿದ್ದ ಟೆಂಟ್ ಸಿನಿಮಾದವರು ಮಾರುತ್ತೇವೆಂದ ಪೆಟ್ಟಿಗೆ ಅಗ್ಗವಿತ್ತು. ಆದರೆ ಹಾಡು ಹಾಕುವ ಮುಂಚೆಯೇ ಹೆಜ್ಜೇನು ಎದ್ದ ಹಾಗೆ ಗುಂಯ್‌ಗುಟ್ಟಿತು. ಇವನ ಕಿವಿಗೇ ಕೇಳಿಸಿತೆಂದರೆ ಅದೆಂಥ ಗುಂಯ್‌ ಇರಬೇಕು ನೀವೇ ಲೆಕ್ಕ ಹಾಕಿ. ಎರಡು ವಾರ ಓಡಾಡಿ ಬೇಸತ್ತು, ಯಾರೋ ಹೇಳಿದರೆಂದು ಶಿರಾದ ಕರೀಮ್ ಸಾಬರ ಅಂಗಡಿಗೆ ಹೋದ.

ಕರೀಮ್ ಸಾಬರು ರೇಡಿಯೋ ರಿಪೇರಿಯವರು. ನರೆತ ಗಡ್ಡ, ಮೂಗಿನ ತುದಿಗೆ ಕನ್ನಡಕ. ಕೊಳ್ಳಲು ಬಂದವನಿಗೆ ಪಾಠ ಮಾಡದೆ ಏನನ್ನೂ ಮಾರುವವರಲ್ಲ.

"ಬಣ್ಣ ನೋಡಿ ತಗೋಬ್ಯಾಡಿ ಅಣ್ಣಾ," ಎಂದರು. "ಎತ್ತಿ ನೋಡಿ. ಒಳಗೆ ತಾಮ್ರ ಇದ್ರೆ ಭಾರ ಇರ್ತದೆ. ಮೂಸಿ ನೋಡಿ, ಸುಟ್ಟ ಅರಗಿನ ವಾಸನೆ ಬಂದ್ರೆ ಖರಾಬ್. ಒಂದು ಗಂಟೆ ಹಂಗೇ ಉರಿಯೋಕೆ ಬುಡಿ, ಆಮ್ಯಾಕೆ ಕೇಳಿ. ಎಲ್ರೂ ಹಾಡು ಹಾಕ್ಸಿ ಕೇಳ್ತಾರೆ. ಹಾಡಲ್ಲ ಕೇಳೋದು. ಸುಮ್ನಿರುವಾಗ ಅದು ಏನ್ ಮಾಡ್ತೈತೆ, ಅದು ಕೇಳಿ."

ಹಾಗೆಂದು ಒಂದು ಬೂದು ಬಣ್ಣದ ಪೆಟ್ಟಿಗೆಯನ್ನು ಬೆಂಚಿನ ಕೆಳಗಿಂದ ಎತ್ತಿಟ್ಟು ಹಚ್ಚಿದರು. ಒಳಗೆ ನಾಲ್ಕು ಗಾಜಿನ ವಾಲ್ವುಗಳು ಕೆಂಪಗೆ ಕಣ್ಣು ಬಿಟ್ಟವು. ಗಿರಿಯಪ್ಪ ಎಡಗಿವಿಯನ್ನು ಸ್ಪೀಕರಿಗೆ ಆನಿಸಿ ಒಂದು ಗಂಟೆ ಕೂತ. ಗುಂಯ್‌ ಇಲ್ಲ, ಚಿರಿಚಿರಿ ಇಲ್ಲ. ಇಷ್ಟು ಹಳೆಯ ಪೆಟ್ಟಿಗೆ ಇಷ್ಟು ಸುಮ್ಮನಿರುವುದು ಹೇಗೆ ಎಂದು ಅವನಿಗೇ ಸ್ವಲ್ಪ ಇರುಸುಮುರುಸಾಯಿತು. ಯಾರೋ ಉಸಿರು ಬಿಗಿಹಿಡಿದು ಕೂತ ಹಾಗಿತ್ತು.

ಬೆಲೆ ಕೇಳಿದ. ಮಿಡಿಗೇಶಿಯವರು ಹೇಳಿದ್ದರ ಅರ್ಧ ಹೇಳಿದರು ಸಾಬರು.

"ಯಾಕೆ ಸಾಬ್ರೇ ಇಷ್ಟು ಅಗ್ಗ?"

ಸಾಬರು ಕನ್ನಡಕ ತೆಗೆದು ಒರೆಸಿಕೊಂಡರು. "ಹೇಳ್ದೇ ಮಾರಿದ್ರೆ ಗುನಾಹ್, ಪಾಪ ಬರ್ತದೆ. ಇದು ಪಾವಗಡದ ವೃಷಭೇಂದ್ರಪ್ಪ ಅನ್ನೋರ್ದು. ಮೈಕ್ ಸೆಟ್ ಮಡಗಿದ್ರು. ಮದುವೆಯಾಗೆ ಮುಯ್ಯಿ ಕೂಗ್ತಾರಲ್ಲ, ಯಾರು ಎಷ್ಟು ಕೊಟ್ರು ಅಂತ ಮೈಕ್‌ನಾಗೆ ಒಬ್ಬೊಬ್ರ ಹೆಸರು ಹಿಡ್ದು? ಹಂಗೆ ಕೂಗ್ತಾ ಇರೋವಾಗ ಎದೆ ಹಿಡ್ಕೊಂಡು ಬಿದ್ದುಬುಟ್ರು. ಯಾರ್ದೋ ಹೆಸರು ಅರ್ಧ ಕೂಗಿದ್ರಂತೆ. ಅಲ್ಲಿಗೇ ನಿಂತೋಯ್ತು. ಆವತ್ತಿಂದ ಆ ಊರಾಗೆ ಯಾರೂ ಇದನ್ನ ಮುಟ್ಟಲ್ಲ. ಮಿಕ್ಕರ್ಧ ಪೆಟ್ಟಿಗೆ ಕೂಗ್ತದೆ ಅಂತಾರೆ. ಪುಕ್ಕಟೆ ಕೊಡ್ತೀನಂದ್ರೂ 'ಇದಿ ಮಾಕು ವದ್ದು ಸಾಮಿ', ನಮಗೆ ಬ್ಯಾಡ ಅಂದ್ರಂತೆ. ನಂಗೆ ನಂಬಿಕೆ ಇಲ್ಲ. ನಿಮಗೆ ಇದ್ರೆ ಬ್ಯಾಡ."

"ನಂಗೆಂತಾ ನಂಬಿಕೆ," ಎಂದು ಗಿರಿಯಪ್ಪ ನಕ್ಕ. ಅಗ್ಗದ ಮುಂದೆ ದೆವ್ವ ಯಾವ ಲೆಕ್ಕ? ಗೋಣಿಚೀಲದಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದ. ದಾರಿಯುದ್ದಕ್ಕೂ ಅದು ಯಾಕೋ ಬೆಚ್ಚಗೇ ಇತ್ತು.

ನಡುಮನೆಯ ಎರಡು ಮೂಲೆಗಳಲ್ಲಿ ಎರಡು ಸ್ಟೂಲು. ಎಡಗಡೆ ಬೆಂಗಳೂರಿನ ಪೆಟ್ಟಿಗೆ, ಬಲಗಡೆ ಅಡುಗೆಮನೆಯ ಬಾಗಿಲಿಗೆ ಹತ್ತಿರದ ಮೂಲೆಯಲ್ಲಿ ಪಾವಗಡದ ಪೆಟ್ಟಿಗೆ. ಎರಡಕ್ಕೂ ಎದುರಾಗಿ ತನ್ನ ಕುರ್ಚಿ. ಸಂಜೆ ಮಿಷನ್ ನಿಲ್ಲಿಸಿ ಮೈ ತೊಳೆದು ಬಂದು ಮುಳ್ಳು ಇಳಿಬಿಟ್ಟ. ವೀಣೆ ಈ ಕಡೆಯಿಂದ, ಮೃದಂಗ ಆ ಕಡೆಯಿಂದ ಬಂದವು. ಅವನ ಒಂಟಿ ಕಿವಿಗೆ ಎರಡೂ ಒಂದೇ ಕಡೆಯಿಂದ ಬಂದ ಹಾಗಾಯಿತು, ಅದು ಬೇರೆ ಮಾತು. ಅಶ್ವತ್ಥಮ್ಮ ಬಾಗಿಲಿಗೆ ಬಂದಳು. ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು. ಆಮೇಲೆ ನಿಧಾನವಾಗಿ ಬಂದು ಎರಡು ಪೆಟ್ಟಿಗೆಗಳ ನಡುವೆ ನೆಲದ ಮೇಲೆ ಕೂತಳು.

ಹನ್ನೆರಡು ದಿನ ಹಾಗೆ ಕೂತಳು. ಗಿರಿಯಪ್ಪ ಹಾಡು ಕೇಳುತ್ತಿರಲಿಲ್ಲ, ಅವಳ ಮುಖವನ್ನೇ ನೋಡುತ್ತಿದ್ದ. ಹತ್ತನೆಯ ದಿನ ಅವಳ ತುಟಿ ಅಲುಗಿದ ಹಾಗೆ ಕಂಡು ಅವನ ಕಣ್ಣಲ್ಲಿ ನೀರು ಬಂತು. ದೇವರಿಗೆ ಹರಕೆ ಹೊತ್ತುಕೊಂಡ. ಹೊಸ ಸೀರೆ ತಂದು ಅವಳ ಟ್ರಂಕಿನಲ್ಲಿಟ್ಟ.

ಹದಿಮೂರನೆಯ ಸಂಜೆ ರೋಹಿಣಿ ಮಳೆ ಬಂತು. ಗುಡುಗಿಗೆ ಬೆಟ್ಟದ ಬಂಡೆಯೆಲ್ಲ ಮೊಳಗಿತು, ದೀಪ ಒಮ್ಮೆ ಬೆಳ್ಳಗೆ ಉರಿದು ಮಂಕಾಗಿ ಮತ್ತೆ ಸರಿಹೋಯಿತು. ಏನೋ ಕಮಟು ವಾಸನೆ ಬಂದ ಹಾಗಿತ್ತು. ಗಿರಿಯಪ್ಪ ಎದ್ದು ಎರಡೂ ಪೆಟ್ಟಿಗೆಗಳ ಹಿಂದೆ ಬಗ್ಗಿ ನೋಡಿದ. ಎರಡರಲ್ಲೂ ವಾಲ್ವುಗಳು ಕೆಂಪಗೆ ಉರಿಯುತ್ತಿದ್ದವು. ಸರಿ, ಮಿಂಚಿನದೇ ವಾಸನೆ ಇರಬೇಕು ಎಂದುಕೊಂಡು ಕೂತ.

ಆದರೆ ಆವತ್ತಿನಿಂದ ಮೃದಂಗ ಸೊರಗಿಹೋಯಿತು. ಎಲ್ಲೋ ದೂರದ ಮನೆಯಲ್ಲಿ ನುಡಿಸಿದ ಹಾಗೆ, ಇದೆಯೋ ಇಲ್ಲವೋ ಎಂಬಷ್ಟು.  ಉಳಿದ ಎಡಗಿವಿಯೂ ಕೈಕೊಡುತ್ತಿದೆ ಎಂದು ಗಿರಿಯಪ್ಪ ತಿಳಿದ. ಯಾರಿಗೂ ಹೇಳಲಿಲ್ಲ. ಎಡಗಡೆಯ ಪೆಟ್ಟಿಗೆಯ ಗುಂಡಿಯನ್ನು ಇನ್ನಷ್ಟು ತಿರುಗಿಸಿ, ಕುರ್ಚಿಯನ್ನು ಆ ಕಡೆಗೆ ಎಳೆದುಕೊಂಡು ಕೂರತೊಡಗಿದ. ಹಾಗೆ ಕೂತರೆ ಅವನ ಬಲಗಿವಿ ಅಡುಗೆಮನೆಯ ಕಡೆಗಿರುತ್ತಿತ್ತು. ಅಶ್ವತ್ಥಮ್ಮ ನಡುವೆ ಬಂದು ಕೂರುವುದನ್ನು ಬಿಟ್ಟಳು. ಎರಡು ದಿನ ಬಂದು, ಬಲಗಡೆಯ ಮೂಲೆಯನ್ನೇ ನೋಡುತ್ತ ನಿಂತು, ಒಳಗೆ ಹೋದಳು. ಅವಳು ಯಾಕೆ ಹೀಗೆ ಮಾಡಿದಳು ಎಂದು ಇವನು ತಲೆ ಕೆಡಿಸಿಕೊಂಡ.

ಅದಾಗಿ ನಾಲ್ಕನೆಯ ದಿನ ಪೆಟ್ಟಿಗೆ ಮಾತಾಡಿತು.

ರೆಕಾರ್ಡಿನ ಒಂದು ಮಗ್ಗುಲು ಮುಗಿದು ಮುಳ್ಳು ಬರೀ ಗೀರಿನಲ್ಲಿ ಸರಸರ ಓಡುತ್ತಿತ್ತು. ಹೊರಗೆ ಇನ್ನೂ ಬೆಳಕಿತ್ತು. ಗಿರಿಯಪ್ಪ ಎದ್ದು ತಿರುವಿಹಾಕಬೇಕು ಅನ್ನುವಷ್ಟರಲ್ಲಿ ಒಂದು ದನಿ ಬಂತು.

"ಅನ್ನ ಆರೋಗ್ತದೆ."

 ದನಿ ಒರಟಾಗಿತ್ತು, ತಗ್ಗಿತ್ತು, ತುಕ್ಕು ಹಿಡಿದ ಬಾಗಿಲಿನ ಹಾಗಿತ್ತು. ಆದರೂ ಅದು ಅಶ್ವತ್ಥಮ್ಮನ ದನಿ. ಅವನು ಎದ್ದು ರೂಢಿಯ ಹಾಗೆ ಒಂದು ಸುತ್ತು ತಿರುಗಿದ. ಬಾಗಿಲಾಚೆ ಅಶ್ವತ್ಥಮ್ಮ ಒಲೆಯ ಮುಂದೆ ಈ ಕಡೆ ಬೆನ್ನು ಹಾಕಿ ಕೂತಿದ್ದಳು. ಅಲುಗಲಿಲ್ಲ. ಮೂಲೆಯ ಪೆಟ್ಟಿಗೆಯೊಳಗೆ ನಾಲ್ಕು ಕೆಂಪು ಕಣ್ಣು.

ಒಂದು ಗಳಿಗೆ, ಇವಳೇ ಇರಬಹುದೇ ಎಂದು ಅವನಿಗೆ ಅನ್ನಿಸಿತು.  ಒಳಗೆ ಹೋಗಿ ಅವಳ ಗದ್ದ ಹಿಡಿದೆತ್ತಿ, "ನೀನೇ ಏನೇ ಅಂದಿದ್ದು? ಇನ್ನೊಂದ್ಸಲ ಅನ್ನೇ, ನಿನ್ನ ದಮ್ಮಯ್ಯ," ಎಂದ. ಮೇಲೆರಗಿ ಬಂದ ಮುಖ ಕಂಡು ಅಶ್ವತ್ಥಮ್ಮ ಬೆದರಿದಳು. ತುಟಿ ಬಿಗಿದುಕೊಂಡಳು. ಅವನು ಇನ್ನಷ್ಟು ಜೋರಾಗಿ ಕೇಳಿದ, ಅವಳು ಇನ್ನಷ್ಟು ಬಿಗಿದುಕೊಂಡಳು. ಕೊನೆಗೆ ಅವನೇ ಸೋತು ಬಂದ.

ಮರುದಿನವೂ ಬಂತು. ಈ ಸಲ ವೀಣೆ ನುಡಿಯುತ್ತಿದ್ದಾಗಲೇ, ಅದರಡಿಯಿಂದ ನುಸುಳಿ ಬಂದ ಹಾಗೆ.

"ಗಂಗಾಧರ ಬಂಡೆ ಮ್ಯಾಲವ್ನೆ. ಕರೀಬ್ಯಾಡಿ. ಕರೆದ್ರೆ ತಿರುಗ್ತಾನೆ."

 ಗಿರಿಯಪ್ಪ ಕತ್ತು ತಿರುಗಿಸಿ ನೋಡಿದ. ಹೆಂಡತಿ ಹೊಸ್ತಿಲ ಒಳಗೆ ಮೊರ ಹಿಡಿದು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದಳು, ತಲೆ ತಗ್ಗಿತ್ತು, ಬಾಯಿ ಮುಚ್ಚಿತ್ತು. ಈ ಸಲ ಅವನು ಅವಳನ್ನು ಕೇಳಲಿಲ್ಲ. ಕೇಳಿ ಅವಳನ್ನು ಹೆದರಿಸುವುದು ಬೇಡ ಎಂದುಕೊಂಡ. ಎದ್ದು ಹೋಗಿ ಬಲಗಡೆಯ ಪೆಟ್ಟಿಗೆಯ ಮುಂದೆ ಕುಕ್ಕುರುಗಾಲಲ್ಲಿ ಕೂತು, "ಯಾರು ನೀನು?" ಎಂದ. ಪೆಟ್ಟಿಗೆ ಉಸಿರು ಬಿಗಿಹಿಡಿದು ಕೂತೇ ಇತ್ತು.

ಹೀಗೇ ಮೂರು ವಾರ ನಡೆಯಿತು. ದಿನವೂ ಅಲ್ಲ, ಆಗೊಮ್ಮೆ ಈಗೊಮ್ಮೆ. ಹಾಡು ನಡೆಯುವಾಗ ಮಾತ್ರ, ಅವನು ಬೆನ್ನು ತಿರುಗಿಸಿದ್ದಾಗ ಮಾತ್ರ. ಮಾತುಗಳೆಲ್ಲ ಮನೆಯವೇ. ಉಪ್ಪು ಮುಗಿದಿದೆ. ಹಿತ್ತಿಲ ಬಾಗಿಲು ಹಾಕಿಲ್ಲ. ಸಂಡಿಗೆ ಒಣಗಲಿಲ್ಲ. ದೆವ್ವವೊಂದು ಬಂದು ಹೆದರಿಸಿದ್ದರೆ ಅವನು ಮಂತ್ರವಾದಿಯನ್ನು ಕರೆಸುತ್ತಿದ್ದ. ಉಪ್ಪು ಮುಗಿದಿದೆ ಅನ್ನುವ ದೆವ್ವಕ್ಕೆ ಏನು ಮಾಡುವುದು? ಮುಚ್ಚಿಟ್ಟು ಏನು ಫಲ, ಅವನಿಗೆ ಆ ದನಿಯ ಮೇಲೆ ಆಸೆಯೂ ಹುಟ್ಟಿತ್ತು. ಎರಡು ವರ್ಷ ಹಸಿದ ಕಿವಿ ಅದು. ಮಿಷನ್ನನ್ನು ಹೊತ್ತಿಗೆ ಮುಂಚೆ ನಿಲ್ಲಿಸಿ ಓಡಿಬಂದು ಕುರ್ಚಿಯಲ್ಲಿ ಕೂರುತ್ತಿದ್ದ. ಅಡುಗೆಮನೆಯಲ್ಲಿ ಕೂತಿದ್ದ ಹೆಂಗಸಿನ ಕಡೆ ಅವನು ನೋಡುವುದೂ ಕಡಿಮೆಯಾಯಿತು.

ಒಂದು ಸಂಜೆ ಆ ದನಿ ಅವನ ಹೆಸರು ಹಿಡಿದು ಕರೆಯಿತು.

"ಮೂಡ್ಲಗಿರಿಯಪ್ಪಾ."

ಒಮ್ಮೆ ಅಲ್ಲ. ಸ್ವಲ್ಪ ತಡೆದು, ಇನ್ನಷ್ಟು ಜೋರಾಗಿ, ಗಂಟಲು ಹರಿದುಹೋಗುವ ಹಾಗೆ, ಇನ್ನೊಮ್ಮೆ.

"ಮೂಡ್ಲಗಿರಿಯಪ್ಪಾ!"

ಆಗ ಅವನಿಗೆ ನಿಜವಾಗಿ ಭಯವಾಯಿತು. ಯಾಕೆಂದರೆ ಅವನ ಕಡೆಯ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ಹೇಳಿದರೆ ಗಂಡನ ಆಯಸ್ಸು ಸವೆಯುತ್ತದೆ ಎಂದು ನಂಬಿದವರು. ಅಶ್ವತ್ಥಮ್ಮನಂತೂ ಈ ವಿಷಯದಲ್ಲಿ ಬಲು ಕಟ್ಟುನಿಟ್ಟು. ಅರವತ್ತೊಂದರಲ್ಲಿ ಜನಗಣತಿಯವರು ಬಂದು ಯಜಮಾನರ ಹೆಸರು ಕೇಳಿದಾಗ ನಾಚಿ ಕೆಂಪಾಗಿ, ಪಕ್ಕದ ಮನೆಯ ಮುನಿಯಮ್ಮನನ್ನು ಕೂಗಿ ಕರೆಸಿ ಅವಳ ಬಾಯಲ್ಲಿ ಹೇಳಿಸಿದ್ದಳು. ಹನ್ನೆರಡು ವರ್ಷದಲ್ಲಿ 'ಏನ್ರೀ' ಎಂಬುದೊಂದೇ ಅವನಿಗೆ ಅವಳಿಟ್ಟ ಹೆಸರು. ಈಗ ಅದೇ ದನಿ ಅವನ ಹೆಸರನ್ನು ಪೂರ್ತಿಯಾಗಿ, ಮುಯ್ಯಿ ಕೂಗಿದ ಹಾಗೆ ಕೂಗುತ್ತಿದೆ. ಪೆಟ್ಟಿಗೆ ಹೆಂಡತಿಯ ದನಿಯನ್ನು ಕದ್ದಿದೆ, ಅವಳ ನಡತೆಯನ್ನು ಕದಿಯಲು ಅದಕ್ಕೆ ಆಗಿಲ್ಲ ಎಂದು ಅವನಿಗೆ ಖಾತ್ರಿಯಾಯಿತು. ವೃಷಭೇಂದ್ರಪ್ಪ ಅರ್ಧಕ್ಕೆ ಬಿಟ್ಟ ಹೆಸರು ಯಾರದೋ ಏನೋ, ಈಗ ಸರದಿ ತನ್ನದು.

ತಿರುಗಿ ನೋಡಲೂ ಧೈರ್ಯ ಬರಲಿಲ್ಲ. ಮೂಲೆಯ ಪೆಟ್ಟಿಗೆಯನ್ನೇ ನೋಡುತ್ತ ಎದ್ದು ನಿಂತು, ಹೆದರಿದ ಗಂಡಸು ಕೂಗುವ ಹಾಗೆ ಕೂಗಿದ.

"ಥೂ! ಮುಚ್ಚೇ ಬಾಯಿ! ಯಾವಳೇ ನೀನು? ನನ್ ಹೆಂಡ್ತಿ ಅಲ್ಲ ನೀನು. ಅವ್ಳ ಬಾಯಾಗೆ ನನ್ ಹೆಸರು ಬರಾಕಿಲ್ಲ. ಇನ್ನೊಂದು ಮಾತಾಡುದ್ರೆ ನಾಲಿಗೆ ಕಿತ್ತಾಕ್ಬುಡ್ತೀನಿ!"

ತಂತಿ ಕಿತ್ತೆಸೆದ. ಮೂಲೆಯಲ್ಲಿದ್ದ ಸವೆದ ಪೊರಕೆ ತಂದು ಪೆಟ್ಟಿಗೆಯ ಮೇಲೆ ಅಡ್ಡ ಇಟ್ಟ. ಕೆಂಪು ಕಣ್ಣುಗಳು ಒಂದೊಂದಾಗಿ ಆರಿದವು.  ಅವನು ಏದುಸಿರು ಬಿಡುತ್ತ ಹಿಂದಕ್ಕೆ ತಿರುಗಿದಾಗ ಅಶ್ವತ್ಥಮ್ಮ ಹೊಸ್ತಿಲ ಮೇಲೆ ನಿಂತಿದ್ದಳು. ಅವಳ ಮುಖ ಸುಣ್ಣದ ಗೋಡೆಯ ಹಾಗೆ ಬಿಳಿಚಿತ್ತು. ಕೂಗಿಗೆ ಹೆದರಿಕೊಂಡಳು ಪಾಪ ಎಂದುಕೊಂಡು, "ಏನಿಲ್ಲ, ಹೋಗು, ಅದನ್ನ ಓಡ್ಸಿದೀನಿ," ಎಂದ. ಅವಳು ಹೋದಳು.

ಮುಂದಿನ ನಾಲ್ಕು ದಿನ ಎಡಗಡೆಯ ಪೆಟ್ಟಿಗೆಯೊಂದೇ ಹಾಡಿತು. ದನಿ ಬರಲಿಲ್ಲ. ತನ್ನ ಗಂಡಸುತನಕ್ಕೆ ದೆವ್ವ ಹೆದರಿತು ಎಂದು ಗಿರಿಯಪ್ಪ ಒಳಗೊಳಗೇ ಬೀಗಿದ. ಐದನೆಯ ದಿನ ಪಾವಗಡದ ಪೆಟ್ಟಿಗೆಯನ್ನು ಗೋಣಿಯಲ್ಲಿ ಕಟ್ಟಿಕೊಂಡು ಬೆಳಗಿನ ಬಸ್ಸಿಗೆ ಶಿರಾಕ್ಕೆ ಹೋದ.

"ತಗೊಳ್ಳಿ ಸಾಬ್ರೇ. ದುಡ್ಡು ಬ್ಯಾಡ, ಇದನ್ನ ಇಟ್ಕೊಂಡ್ರೆ ಸಾಕು," ಎಂದು ಬೆಂಚಿನ ಮೇಲೆ ಇಟ್ಟ. "ಪಾವಗಡದೋರು ಹೇಳಿದ್ದು ದಿಟ. ಮಾತಾಡ್ತದೆ ಇದು."

ಕರೀಮ್ ಸಾಬರು ನಗಲಿಲ್ಲ. ಮೊದಲು ಮೂಗು ಹತ್ತಿರ ತಂದು ಮೂಸಿದರು. ಆಮೇಲೆ ತಿರುಪು ಬಿಚ್ಚಿ, ಮುಚ್ಚಳ ತೆಗೆದು, ಟಾರ್ಚು ಬಿಟ್ಟರು. ತಾಮ್ರದ ತಂತಿ ಸುತ್ತಿದ ಒಂದು ಗಡ್ಡೆ ಕರಕಲಾಗಿ, ಅರಗು ಕರಗಿ ಇಳಿದು ಹೆಪ್ಪುಗಟ್ಟಿತ್ತು. ಅದರ ಮೇಲೆ ಜೇಡ ಬಲೆ ಕಟ್ಟಿ, ಬಲೆಯ ಮೇಲೆ ಧೂಳು ಕೂತಿತ್ತು.

"ಗುಡುಗು ಮಳೆ ಬಂದಿತ್ತಾ?"

"ಬಂದಿತ್ತು. ತಿಂಗಳ ಮೇಲಾಯ್ತು."

"ಅವತ್ತೇ ಸುಟ್ಟೈತೆ ನೋಡಿ. ಸದ್ದನ್ನ ಸ್ಪೀಕರಿಗೆ ದಾಟ್ಸೋ ಸುರುಳಿ ಇದು. ಇದು ಹೋದ್ರೆ ವಾಲ್ವು ಉರೀತದೆ, ಅಷ್ಟೇ. ಸೊಳ್ಳೆ ಆವಾಜೂ ಹೊರಕ್ಕೆ ಬರಲ್ಲ. ಮೂಕ ಇದು."

ಗಿರಿಯಪ್ಪ ಒಪ್ಪಲಿಲ್ಲ. ಸಾಬರು ತಂತಿ ಕೂಡಿಸಿ, ಹಚ್ಚಿ, ಗುಂಡಿಯನ್ನು ಕೊನೆಯವರೆಗೆ ತಿರುಗಿಸಿ, ಅವನ ಎಡಗಿವಿಯನ್ನು ಸ್ಪೀಕರಿಗೆ ಒತ್ತಿಸಿದರು. ಏನೂ ಇಲ್ಲ. ಅಂಗೈ ಇಡಿಸಿದರು. ಸ್ಪೀಕರಿನ ಕಾಗದ ಅಲುಗಲಿಲ್ಲ.

"ನಿಮಗೆ ಬಲಗಿವಿ ಕೇಳ್ಸಲ್ಲ ಅಲ್ವಾ? ಅದಕ್ಕೇ ಇದು ಸತ್ತಿದ್ದು ಗೊತ್ತಾಗಿಲ್ಲ. ಬೇರೆ ಯಾರಿಗಾದ್ರೂ ಒಂದೇ ದಿನಕ್ಕೆ ಗೊತ್ತಾಗ್ತಿತ್ತು," ಎಂದರು ಸಾಬರು. "ಮಾತಾಡ್ತು ಅಂದ್ರಲ್ಲಾ ಅಣ್ಣಾ, ಏನಂತು?"

"ಅನ್ನ ಆರೋಗ್ತದೆ ಅಂತು," ಎಂದ ಗಿರಿಯಪ್ಪ. ಹೇಳಿ, ಬಾಯಿ ಹಾಗೇ ತೆರೆದುಕೊಂಡು ನಿಂತ.

ಸಾಬರು ಸ್ಟೂಲು ಎಳೆದು ಕೊಟ್ಟರು, ನೀರು ಕೊಟ್ಟರು. ಅವನು ಎರಡನ್ನೂ ಮುಟ್ಟಲಿಲ್ಲ. ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು ಬಸ್ ಸ್ಟ್ಯಾಂಡಿನ ಕಡೆ ಓಡಿದ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತವನಿಗೆ ಒಂದೊಂದಾಗಿ ಎಲ್ಲ ತಿಳಿಯಿತು, ತಿಳಿಯುವುದೇ ಬೇಡವಾಗಿತ್ತು. ಅವಳು ಮಾತು ಶುರು ಮಾಡಿದ್ದಳು. ಹಾಡಿನ ಮರೆಯಲ್ಲಿ, ಯಾರೂ ತನ್ನನ್ನು ನೋಡದಿರುವಾಗ, ಹೊಸದಾಗಿ ನಡೆಯಲು ಕಲಿಯುವ ಮಗುವಿನ ಹಾಗೆ ಒಂದೊಂದೇ ಮಾತನ್ನು ಇಟ್ಟು ನೋಡಿದ್ದಳು. ಅವನು ತಿರುಗಿ ನೋಡಿದಾಗಲೆಲ್ಲ ಹೆದರಿ ನಿಲ್ಲಿಸಿದ್ದಳು. ಎಷ್ಟು ಸಲ 'ಏನ್ರೀ' ಎಂದು ಕರೆದಿದ್ದಳೋ, ಆ ಕಡೆಗಿದ್ದದ್ದು ಅವನ ಸತ್ತ ಕಿವಿ. ಬೇರೆ ದಾರಿ ಕಾಣದೆ, ಜನ್ಮದಲ್ಲಿ ಆಡದ ಹೆಸರನ್ನು ಆಡಿದಳು. ಹೆಸರು ಹಿಡಿದು ಕೂಗಿ ಮಗನನ್ನು ಕಳೆದುಕೊಂಡವಳು ಇನ್ನೊಮ್ಮೆ ಹೆಸರು ಹಿಡಿದು ಕೂಗಲು ಎಷ್ಟು ಮನಸ್ಸು ಗಟ್ಟಿ ಮಾಡಿಕೊಂಡಿರಬೇಕು! ಆ ಕೂಗಿಗೆ ಅವನು ಕೊಟ್ಟ ಉತ್ತರವನ್ನು ಅವನೇ ಮತ್ತೆ ಮತ್ತೆ ಕೇಳಿಸಿಕೊಂಡ. ಮಧುಗಿರಿ ಬರುವವರೆಗೂ ಅವನು ಅತ್ತ. ಪಕ್ಕದಲ್ಲಿ ಕೂತ ರೈತ ಯಾರಾದರೂ ತೀರಿಕೊಂಡರಾ ಎಂದು ಕೇಳಿದ.

ಮನೆಗೆ ಬಂದಾಗ ಮಧ್ಯಾಹ್ನ ಮೂರರ ಬಿಸಿಲು. ನಡುಮನೆಯ ಬಲಮೂಲೆಯಲ್ಲಿ ಬರಿಯ ಸ್ಟೂಲು ಇತ್ತು. ಅಡುಗೆಮನೆಯಲ್ಲಿ ಅಶ್ವತ್ಥಮ್ಮ ಈ ಕಡೆ ಬೆನ್ನು ಹಾಕಿ ಕೂತು ತಟ್ಟೆಗೆ ಅನ್ನ ಹಾಕುತ್ತಿದ್ದಳು. ಬಾಗಿಲ ಸದ್ದಿಗೆ ಅವನು ಬಂದದ್ದು ಅವಳಿಗೆ ತಿಳಿದಿರಬೇಕು, ಕೈ ನಿಲ್ಲಲಿಲ್ಲ.

ಅವನು ಅವಳನ್ನು 'ಲೇ' ಅಂದವನು, 'ಇವಳೇ' ಅಂದವನು. ಹೆಂಡತಿಯ ಹೆಸರು ಹಿಡಿದು ಕೂಗುವುದು ಅವರ ಮನೆತನದಲ್ಲಿ ಇರಲಿಲ್ಲ. ಅವಳು ದಾಟಿ ಬಂದಷ್ಟು ದೂರ ತಾನೂ ಹೋಗಬೇಕು ಎಂದು ಮಾತ್ರ ಅವನಿಗೆ ಗೊತ್ತಿತ್ತು. ನಡುಮನೆಯ ನಡುವೆ ನಿಂತು ಕರೆದ.

"ಅಶ್ವತ್ಥಾ... ಅಶ್ವತ್ಥಮ್ಮಾ."

ಅವಳ ಕೈಯಿಂದ ಸೌಟು ಬಿತ್ತು. ಎದ್ದು ಹೊಸ್ತಿಲಿಗೆ ಬಂದಳು. ಗಂಡ ಎದುರಿಗೇ ನಿಂತಿದ್ದ, ಕೈಚಾಚಿ ನಿಂತಿದ್ದ, ಅವಳು ಅವನ ಕಡೆ ನೋಡಲಿಲ್ಲ. ಪೆಟ್ಟಿಗೆ ಇದ್ದ ಖಾಲಿ ಮೂಲೆಯ ಕಡೆ ತಿರುಗಿ, ಗಂಡನ ಬಾಯಲ್ಲಿ ಎಂದೂ ಬರದ ತನ್ನ ಹೆಸರು ಅಲ್ಲಿಂದಲೇ ಬಂತು ಎಂಬ ಹಾಗೆ ದಿಟ್ಟಿಸುತ್ತ, ಎರಡೂ ಕೈಯಲ್ಲಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು.